ಮೂರು ಸಲ ಬಡಕೊಂಡ ಫೋನು

ದುರ್ಗಾ,

ಗುತ್ತಲಕ್ಕ ಹೊಂಟೇನಿ. ನಿಮ್ಮ ದೊಡ್ಡವ್ವ ಪಡಸಾಲ್ಯಾಗ ಜಾರಿ ಬಿದ್ದಾಳ, ಸೊಂಟಕ್ಕ ಜೋರು ಪೆಟ್ಟಾಗೇತಂತ. ಅವರ ಬಾಜೂಮನಿ ಮೈಲೇಶ ಬೈಕ್ ಮ್ಯಾಲ ಬಂದು ಹೇಳಿದ. ರೊಟ್ಟಿ ಬುಟ್ಟ್ಯಾಗ ಅದಾವು. ಹಾಲು ಕಾಸಿಡು.

ಮುಂಜಾನೆ ಮೂರು ಸಲ ಬಂದದ್ದು ಆಕೀ ಫೋನು. ಬಿದ್ದಲ್ಲಿಂದನ ಮಾಡಿದ್ಲಂತ. ‘ಆರಾಮ ಇದ್ರ ಮಿಸ್ ಕಾಲ್ ಕೊಡು, ನಾ ಎತ್ತೂದಿಲ್ಲ’ ಅಂತ ರೇಟು ತುಟ್ಟಿ ಇದ್ದಾಗ ಕಲಿಸಿದಾಕಿ ನಾನ. ಈಗ ಸೆಕೆಂಡಿಗೆ ಒಂದು ಪೈಸೆ ಆಗೇತಿ, ನನ್ನ ಚಾಳಿ ಮಾತ್ರ ಹೋಗಲಿಲ್ಲ. ಪೂರ್ತಿ ರಿಂಗ್ ಆದ್ರೂ, ‘ಅಕ್ಕಗ ಕಟ್ ಮಾಡೂದು ಮರತೈತಿ’ ಅಂತ ನಕ್ಕೆ. ನೀ ಎತ್ತಾಕ ಹೋದಿ, ಕೈ ಹಿಡದೆ.

ಮೊಬೈಲ್ ಇಲ್ಲೇ ಬಿಟ್ಟೇನಿ. ದವಾಖಾನಿಯಿಂದ ಮಾಡ್ತೀನಿ. ಮೊದಲನೇ ರಿಂಗಿಗೇ ಎತ್ತು.

ಅವ್ವ