1911ರ ಬೆಳ್ಳಿ ಪದಕ

ಲಿಂಡೆನ್‌ಬಾಖ್, 14 ಮೇ 1983

ಒಲವಿನ ವಾಲ್ಬುರ್ಗಾ ಅಕ್ಕನಿಗೆ,

ನಿನ್ನ ಮಂಡಿನೋವು ಹೇಗಿದೆ? ಹಾಂಬುರ್ಗಿನ ಗಾಳಿ ನಿನಗೆ ಒಗ್ಗುವುದಿಲ್ಲ ಅಂದರೆ ಭಾವ ಕೇಳುವುದಿಲ್ಲ. ನಾನು ಗಟ್ಟಿಯಾಗಿಯೇ ಇದ್ದೇನೆ. ಫೋನಿನಲ್ಲೇ ಹೇಳೋಣ ಅಂತ ಎರಡು ಸಲ ಹೊರಟೆ. ನಿನ್ನ ದನಿ ಕೇಳಿದ್ದೇ ತಡ, ಮಳೆ ಬಿಸಿಲಿನ ಮಾತಾಡಿ ಇಟ್ಟುಬಿಟ್ಟೆ.

ನಮ್ಮೂರ ಗುರಿಕಾರರ ಬಂದೂಕು ಸಂಘಕ್ಕೆ ಈ ಬೇಸಿಗೆಗೆ ಮುನ್ನೂರು ವರ್ಷ. ನನ್ನ ಹಳೆಯ ಪದಕಗಳನ್ನೆಲ್ಲ ಪ್ರದರ್ಶನಕ್ಕಿಡು ಅಂದರು. ಅಪ್ಪ ಹೋದಾಗಿನಿಂದ ಇಪ್ಪತ್ತಾರು ವರ್ಷ ಸಂತೆ ಸಂತೆ ಅಲೆದು ಕೂಡಿಸಿದವು. "ಗುರಿ ಹೊಡೆಯೋಕೆ ಬರದವನು ಕಂಡವರ ಪದಕ ಆಯ್ತಾನೆ" ಅಂತ ನೀನೇ ನಗುತ್ತಿದ್ದೆ. ಸುಳ್ಳೇನಲ್ಲ. ಎಲ್ಲದರ ನಡುವೆ ಇಡಬೇಕಾದ್ದು ಅಪ್ಪನ ಬೆಳ್ಳಿ ಪದಕ, 1911ರ ಮೊದಲ ಬಹುಮಾನ. ನಾನು ಗುರಿ ತಪ್ಪಿದಾಗಲೆಲ್ಲ ಅಪ್ಪ ಅದನ್ನು ನನ್ನ ಕಣ್ಣಿಗೆ ಹಿಡಿದು, "ನನ್ನ ಹೊಟ್ಟೇಲಿ ಹುಟ್ಟಿ ಹಿಂಗಾದೆಯಲ್ಲೋ" ಅನ್ನುತ್ತಿದ್ದರಲ್ಲ, ಅದೇ.

ಹಿಂಬದಿಯ ಹೆಸರು ಮಾಸಿತ್ತು ಅಂತ ಅಕ್ಷರ ಕೆತ್ತುವ ಮುದುಕ ವೆಂಡೆಲಿನ್ ಹತ್ತಿರ ಒಯ್ದೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ನಿಮ್ಮಪ್ಪನ ಹೆಸರಿನ ಕೆಳಗೆ ಇನ್ನೊಂದು ಹೆಸರಿದೆ ಕಣಯ್ಯಾ. ಯಾರೋ ಅರ ಹಾಕಿ ಉಜ್ಜಿದ್ದಾರೆ" ಅಂದ. ನಾನೂ ನೋಡಿದೆ. ಲಾಜರುಸ್ ಬಾಮ್‌ಗಾರ್ಟ್. ಸಂತೆ ಚೌಕದ ಮೂಲೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಯಹೂದಿ, ನಿನ್ನ ಗೆಳತಿ ಸೆಲ್ಮಾಳ ಅಪ್ಪ. ಯುದ್ಧದ ಕಾಲದಲ್ಲಿ ಅವರನ್ನೂ ಅವರ ಹೆಂಡತಿಯನ್ನೂ ರೈಲಿಗೆ ಹತ್ತಿಸಿದ್ದು, ಅವರು ತಿರುಗಿ ಬಾರದ್ದು ಊರಿಗೆಲ್ಲ ಗೊತ್ತು. ಸಂಘದ ಹಳೆಯ ದಫ್ತರ ತೆಗೆಸಿ ನೋಡಿದೆ: 1911, ಮೊದಲನೆಯವರು ಬಾಮ್‌ಗಾರ್ಟ್. ಅಪ್ಪನ ಹೆಸರು ಆ ಪುಟದಲ್ಲೇ ಇಲ್ಲ. ಅಪ್ಪ ಹೊಡೆಯದೇ ಇದ್ದ ಗುಂಡಿಗೆ ನಾನು ಇಷ್ಟು ವರ್ಷ ತಲೆ ತಗ್ಗಿಸಿ ಬದುಕಿದೆ ಅಕ್ಕಾ.

ಸಂಘದ ಅಧ್ಯಕ್ಷ, "ಒಣಗಿದ ಗಾಯ ಯಾಕೆ ಕೆರೀತೀಯಾ? ಬೆಳ್ಳಿ ಬೆಳ್ಳೀನೇ ತಾನೆ?" ಅಂದ. ನಾನು ಒಂದು ಪದಕವನ್ನೂ ಅಲ್ಲಿ ಬಿಡದೆ ಮನೆಗೆ ಹೊತ್ತು ತಂದೆ. ಈಗ ಬೀದಿಯಲ್ಲಿ ಹಲವರು ನನ್ನನ್ನು ಮಾತಾಡಿಸುವುದಿಲ್ಲ. ಅಪ್ಪನ ಸಮಾಧಿಗೆ ಹೂವಿಡಲು ಹೋದವನು ಬೇಲಿಯ ಬಳಿಯಿಂದಲೇ ಹಿಂದಿರುಗಿದೆ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬಂದದ್ದು ಅಳು.

ಭಾವನಿಗೆ ನನ್ನ ನಮಸ್ಕಾರ. ಕಾಲು ಬೆಚ್ಚಗಿಟ್ಟುಕೋ, ಹುಷಾರಾಗಿರು.

ನಿನ್ನ ತಮ್ಮ,
ಓಟ್ಮಾರ್

ಮತ್ತೆ: ಇದನ್ನು ಬರೆಯಲು ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಧೈರ್ಯ ಸಾಲಲಿಲ್ಲ. ಹೇಗೋ ಉಳಿದುಕೊಂಡ ಸೆಲ್ಮಾ ಹೈಫಾದಲ್ಲಿ ಬದುಕಿದ್ದಾಳೆ. ನನ್ನ ಕಾಗದಕ್ಕೆ ಉತ್ತರ ಬಂತು: "ನಮ್ಮ ಮನೆ ಖಾಲಿ ಮಾಡಿಸಿದ ದಿನ ನನ್ನಪ್ಪ ಆ ಪದಕವನ್ನು ವಾಲ್ಬುರ್ಗಾಳ ಕೈಗೆ ಕೊಟ್ಟರು. ನಾವು ಬರೋವರೆಗೂ ಇಟ್ಕೊಂಡಿರು ಮಗಳೇ ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ." ಅದನ್ನು ತನ್ನದು ಮಾಡಿಕೊಂಡ ನಮ್ಮಪ್ಪನಿಗೆ ಹನ್ನೆರಡು ವರ್ಷದ ಹುಡುಗಿ ನೀನು ಎದುರಾಡುವ ಹಾಗಿರಲಿಲ್ಲ, ಬಲ್ಲೆ. ಆದರೆ ಅಪ್ಪ ಹೋಗಿ ಇಪ್ಪತ್ತಾರು ವರ್ಷವಾಯಿತಲ್ಲ ಅಕ್ಕಾ. ಪದಕವನ್ನು ಪೊಟ್ಟಣ ಕಟ್ಟಿ ಮೇಜಿನ ಮೇಲಿಟ್ಟಿದ್ದೇನೆ, ವಿಳಾಸ ಬರೆದಿಲ್ಲ. ಒಂದು ಸಲ ಬಂದು ಹೋಗು. ಅವಳ ಹೆಸರನ್ನು ನೀನೇ ಬರೆಯಬೇಕು.