ಬಿಳಿ ಪ್ಲಗ್ಗು

ಮಾರ್ಚ್ 3, ಸೋಮವಾರ

ಇವತ್ತೂ ಅದೇ ಬೈಕು. ಡ್ರಿಲ್ ಮೇಷ್ಟ್ರದ್ದು. ಎರಡು ಸಿಲಿಂಡರ್, ಎರಡು ಕಾರ್ಬುರೇಟರ್, ಸಾವಿರ ತಲೆನೋವು. ಹೋದ ತಿಂಗಳು ಲೇತಿನವನು ಎರಡೂ ಸಿಲಿಂಡರ್ ಕೊರೆದು ಅಗಲ ಮಾಡಿ, ದೊಡ್ಡ ಪಿಸ್ಟನ್ ಕೂರಿಸಿ ಕೊಟ್ಟ. ಕೊರೆಯುವುದು ಅವನ ಕೆಲಸ. ಹೊಟ್ಟೆ ದೊಡ್ಡದಾದ ಎಂಜಿನ್ನಿಗೆ ಎಷ್ಟು ಪೆಟ್ರೋಲು, ಎಷ್ಟು ಗಾಳಿ ಎಂದು ಹೊಂದಿಸುವುದು ನನ್ನದು. ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಜೆಟ್ಟಿನ ತೂತು ಒಂದು ನಂಬರ್ ಚಿಕ್ಕದಾದರೂ ಪೆಟ್ರೋಲು ಸಾಲದೆ ಪಿಸ್ಟನ್ ಸುಡುತ್ತದೆ.

ಮಧ್ಯಾಹ್ನ ಲೇತಿನವನು ಬಂದು ನಿಂತ. "ಮೀಟರ್ ಗೀಟರ್ ಏನೂ ಹಚ್ಚಲ್ವೇನೋ?"

"ಕಿವಿ ಇರೋವಾಗ ಮೀಟರ್ ಯಾಕೋ?"

ಇಬ್ಬರೂ ನಕ್ಕೆವು. ಇಪ್ಪತ್ತಾರು ವರ್ಷದ ಹಳೇ ಜೋಕು. ಎಲ್ಲರ ಬಾಯಲ್ಲೂ ನಾನು ಕಿವಿ ಮೇಸ್ತ್ರಿ. ಸದ್ದು ಕೇಳಿಯೇ ರೋಗ ಹೇಳುವವನು.

ಮಾರ್ಚ್ 5

ಟ್ರಯಲ್. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಪೆಟ್ರೋಲು ಸಾಲದಿದ್ದರೆ ಒಳಗೆ ಚಿಣ್ ಚಿಣ್ ಎನ್ನಬೇಕು. ಏನೂ ಇಲ್ಲ. ಬೆಣ್ಣೆ.

ಬಂದು ಪ್ಲಗ್ಗು ಬಿಚ್ಚಿದೆ. ಎಡದ್ದು ಬಿಸ್ಕತ್ ಬಣ್ಣ, ಸರಿ. ಬಲದ್ದು ಬಿಳಿ, ಪೆಟ್ರೋಲು ಸಾಲದಾಗ ಆಗುವ ಹಾಗೆ. ಹೊಸ ಪ್ಲಗ್ಗು, ಇನ್ನೂ ಬಣ್ಣ ಹಿಡಿದಿಲ್ಲ ಅಷ್ಟೆ. ತಿರುಗಿ ಹಾಕಿದೆ.

ಮನೆಯಲ್ಲಿ ಇವಳ ಗಲಾಟೆ. "ಕುಕ್ಕರ್ ಐದು ಸಲ ಕೂಗಿದೆ. ಪಕ್ಕದಲ್ಲೇ ಕೂತಿದ್ದೀರಲ್ಲ, ಕಿವಿಗೆ ಹತ್ತಿ ಇಟ್ಕೊಂಡಿದ್ದೀರಾ?" ಪೇಪರ್ ಓದುತ್ತಿದ್ದೆ ಎಂದೆ. ಪೇಪರ್ ಇನ್ನೂ ಮಡಿಸಿಯೇ ಇತ್ತು.

ಮಾರ್ಚ್ 8

ಬೈಕ್ ಡೆಲಿವರಿ. ಮೇಷ್ಟ್ರ ಮುಖ ನೋಡಬೇಕಿತ್ತು. ಮಕ್ಕಳ ಹಾಗೆ ಬೀದಿಯಲ್ಲಿ ಮೂರು ಸುತ್ತು ಹೊಡೆದು ಹೋದರು.

ಮಾರ್ಚ್ 12, ಸಂಜೆ

ಮೇಷ್ಟ್ರು ಬಿದ್ದರು. ವೇಗದಲ್ಲಿ ಎಂಜಿನ್ ಹಿಡಿದುಕೊಂಡು ಚಕ್ರ ನಿಂತುಬಿಟ್ಟಿದೆ. ಬಲಗೈ ಮಣಿಕಟ್ಟು ಮುರಿದಿದೆ. ಆಸ್ಪತ್ರೆಗೆ ಹೋದೆ. "ಮುಂದಿನ ವಾರ ಸ್ಪೋರ್ಟ್ಸು. ಸೀಟಿ ಎಡಗೈಲಿ ಹಿಡೀತೀನಿ ಬಿಡಿ, ಅದಕ್ಯಾಕೆ ಮುಖ ಸಣ್ಣ ಮಾಡ್ತೀರಿ" ಎಂದರು. ನನ್ನನ್ನೇ ಸಮಾಧಾನ ಮಾಡಿದರು.

ಶೆಡ್ಡಿನ ಬಾಗಿಲು ಹಾಕಿಕೊಂಡು ಒಬ್ಬನೇ ಹೆಡ್ ಬಿಚ್ಚಿದೆ. ಬಲಗಡೆ ಪಿಸ್ಟನ್ನಿನ ನೆತ್ತಿಯಲ್ಲಿ ತೂತು. ಕಿರುಬೆರಳು ಹೋಗುತ್ತದೆ. ಅಂಚು ಮೇಣದ ಹಾಗೆ ಕರಗಿದೆ. ಲೇತಿನವನು ಬಿಗಿಯಾಗಿ ಕೊರೆದಿದ್ದರೆ ಪಿಸ್ಟನ್ನಿನ ಪಕ್ಕೆಯ ಸುತ್ತಲೂ ಗೆರೆ ಬೀಳಬೇಕಿತ್ತು. ಪಕ್ಕೆ ಚೊಕ್ಕಟ. ತಪ್ಪು ಜೆಟ್ಟಿನದು. ನನ್ನದು.

ಅಷ್ಟರಲ್ಲಿ ಅವನೇ ಬಾಗಿಲು ದೂಡಿಕೊಂಡು ಓಡಿಬಂದ. "ಟೈಟಾಯ್ತೇನೋ? ನಾನೇ ಜಾಗ ಕಮ್ಮಿ ಬಿಟ್ನೇನೋ?"

ಪಿಸ್ಟನ್ ಮೇಲೆ ಬಟ್ಟೆ ಎಳೆದೆ. "ಪಕ್ಕೆಗೆ ಗೆರೆ ಬಿದ್ದಿದೆ ಕಣೋ" ಎಂದೆ.

ನಾಲ್ಕೇ ಮಾತು. ಬಾಯಿಂದ ತಾನಾಗಿಯೇ ಬಂತು.

ಮಾರ್ಚ್ 13

"ಪಿಸ್ಟನ್ ತೋರ್ಸೋ, ಅಳತೆ ತೆಗೀತೀನಿ" ಎಂದ. ಗುಜರಿಗೆ ಹೋಯಿತು ಎಂದೆ. ಇಲ್ಲೇ ಇದೆ, ಡ್ರಾಯರಿನಲ್ಲಿ, ಈ ಡೈರಿಯ ಕೆಳಗೆ. ಡೈರಿ ತೆಗೆದಾಗಲೆಲ್ಲ ಕಾಣುತ್ತದೆ.

ಎಡದ ಪ್ಲಗ್ಗೂ ಹೊಸದೇ ಆಗಿತ್ತು. ಅದು ಮೊದಲೇ ಗೊತ್ತಿತ್ತು ನನಗೆ.

ಮಾರ್ಚ್ 19

ಇವಳಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದೆ. ಹೆಡ್‌ಫೋನ್ ಹಾಕಿ ಪುಟ್ಟ ರೂಮಿನಲ್ಲಿ ಕೂರಿಸಿದರು. ಸದ್ದು ಕೇಳಿದಾಗ ಬಟನ್ ಒತ್ತಬೇಕು. ಬಹಳ ಹೊತ್ತು ಏನೂ ಇಲ್ಲ. ಮೆಷಿನ್ ಕೆಟ್ಟಿದೆ ಅಂದುಕೊಂಡೆ. ಗಾಜಿನ ಆಚೆ ಡಾಕ್ಟರಮ್ಮ ಒಂದೇ ಸಮನೆ ಗುಂಡಿ ಒತ್ತುತ್ತಲೇ ಇದ್ದರು.

"ಸಣ್ಣ ಸದ್ದುಗಳು ಹೋಗಿವೆ. ಮನೇಲಿ ಯಾರೂ ಹೇಳ್ಲಿಲ್ವಾ? ನಿಮಗೇ ಗೊತ್ತಾಗ್ಲಿಲ್ವಾ?"

ಇಲ್ಲ ಎಂದೆ. ಅಲ್ಲೂ ಸುಳ್ಳು. ಎರಡು ವರ್ಷದಿಂದ ಗೊತ್ತು. ಎಂಜಿನ್ನಿಗೆ ಸ್ಕ್ರೂಡ್ರೈವರ್ ಆನಿಸಿ, ಹಿಡಿ ಕಿವಿಗಿಟ್ಟು, ಕಣ್ಣು ಮುಚ್ಚಿ ತಲೆ ಆಡಿಸುತ್ತೇನೆ. ನೋಡುವವರು ಭಲೇ ಎನ್ನುತ್ತಾರೆ. ಅರ್ಧ ಕೆಲಸ ಅಂದಾಜಿನ ಮೇಲೆ.

ಮಾರ್ಚ್ 24

ಲೇತಿನವನು ಮನೆಗೇ ಬಂದ. ಕೈಯಲ್ಲಿ ಮರದ ಪೆಟ್ಟಿಗೆ. ಸಿಲಿಂಡರಿನ ಒಳ ಅಳತೆ ನೋಡುವ ಗೇಜು, ಅವನ ಅಪ್ಪನದು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

"ಇನ್ಮೇಲೆ ಸಿಲಿಂಡರ್ ಮುಟ್ಟಲ್ಲ ಕಣೋ. ಕೈ ಹೋಗಿದೆ. ಮೇಷ್ಟ್ರ ಹತ್ರ ಹೋಗಿ ಕ್ಷಮೆ ಕೇಳ್ಕೊಂಡು ಬಂದೆ. ಗೇಟು, ಕಿಟಕಿ ಕಂಬಿ ಮಾಡ್ಕೊಂಡಿರ್ತೀನಿ. ಇದು ನಿನ್ ಹತ್ರ ಇರ್ಲಿ."

ತೆಗೆದುಕೊಂಡೆ. ಎರಡೂ ಕೈ ಚಾಚಿ ತೆಗೆದುಕೊಂಡೆ. ಇವಳು ಟೀ ಕೊಟ್ಟಳು. ಅವನು ಕುಡಿದು ಹೋದ. ನಾಚಿಕೆಗೆಟ್ಟವನು ನಾನು. ಬರೆದರೆ ಕಮ್ಮಿಯಾಗುತ್ತದೆ ಅಂದುಕೊಂಡಿದ್ದೆ. ಇಲ್ಲ.

ಏಪ್ರಿಲ್ 5

ಗೇಜು, ಪಿಸ್ಟನ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅವನ ಲೇತಿಗೆ ಹೋದೆ. ಕಿಟಕಿ ಕಂಬಿ ಕೊಯ್ಯುತ್ತಿದ್ದ. ಮೆಷಿನ್ ನಿಲ್ಲಿಸಿದ. ಎಲ್ಲ ಹೇಳಿದೆ. ಜೆಟ್ಟು, ಬಿಳಿ ಪ್ಲಗ್ಗು, ಕಿವಿ, ಗುಜರಿಯ ಸುಳ್ಳು.

ಅವನು ತೂತಿನ ಕಡೆ ನೋಡಲೇ ಇಲ್ಲ. ಪಿಸ್ಟನ್ನಿನ ಪಕ್ಕೆ ಒರೆಸಿ ಅಳತೆ ತೆಗೆದ. ಕೊರೆದಾಗ ಬರೆದಿಟ್ಟಿದ್ದ ಚೀಟಿ ಹುಡುಕಿ ಪಕ್ಕದಲ್ಲಿಟ್ಟುಕೊಂಡ. ಇನ್ನೊಮ್ಮೆ ತೆಗೆದ.

"ಸರಿಯಾಗೇ ಇದೆಯಲ್ಲ" ಎಂದ, ತನಗೆ ತಾನೇ. ಸ್ಟೂಲ್ ಎಳೆದು ಕುಳಿತ. ಕಣ್ಣಲ್ಲಿ ನೀರು.

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಪಿಸ್ಟನ್ ನನ್ನ ಕೈಗೇ ಕೊಟ್ಟು, "ಮೇಷ್ಟ್ರಿಗೆ ನೀವೇ ಹೇಳಿ, ಮೇಸ್ತ್ರಿ" ಎಂದ. ಕಿವಿ ಎನ್ನಲಿಲ್ಲ. ಲೋ ಎನ್ನಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಗೇಜಿನ ಪೆಟ್ಟಿಗೆ ಒಳಗಿಟ್ಟುಕೊಂಡ.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ 10

ಮೇಷ್ಟ್ರಿಗೆ ಬರಲು ಹೇಳಿದ್ದೇನೆ. ಪಿಸ್ಟನ್ ಮೇಜಿನ ಮೇಲಿದೆ, ತೂತು ಮೇಲಾಗಿ. ಪಕ್ಕದಲ್ಲಿ ಬಿಳಿ ಪ್ಲಗ್ಗು. ಬಟ್ಟೆ ಮುಚ್ಚಿಲ್ಲ. ಹೇಗೆ ಶುರು ಮಾಡಬೇಕು ಎಂದು ನಾಲ್ಕು ಸಲ ಬರೆದು ಹೊಡೆದು ಹಾಕಿದೆ.

ಇವಳು ಬಂದು ಭುಜ ಅಲುಗಿಸಿದಳು. ಮೇಷ್ಟ್ರು ಆಗಿನಿಂದ ಬಾಗಿಲು ಬಡಿಯುತ್ತಿದ್ದಾರಂತೆ, ಎಡಗೈಯಲ್ಲಿ. ನನಗೆ ಕೇಳಿಸಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.