ಸಿಂಕಿನ ಕೆಳಗಿನ ಲೋಟ

ನವೆಂಬರ್ 11, ಮಂಗಳವಾರ

ಬೆಳಿಗ್ಗೆ ಆಫೀಸಿನ ಪ್ಯಾಂಟ್ರಿಯಲ್ಲಿ ಬುನ್ಮಿಯ ಲೋಟ ನಮ್ಮ ಲೋಟಗಳ ಜೊತೆ ಇರಲಿಲ್ಲ. ಸಿಂಕಿನ ಕೆಳಗೆ, ಫಿನಾಯಿಲ್ ಬಾಟಲಿಯ ಪಕ್ಕ ಕವುಚಿ ಇಟ್ಟಿದ್ದರು.

ನಮಗೆಲ್ಲ ಚಾ ಮಾಡಿಕೊಡುವ ಥಾಯ್ ಹೆಂಗಸು ಅವಳು. ಹೊಟ್ಟೆಯಲ್ಲಿ ಹುಳ ಇದೆಯೆಂದು ರಜೆ ಕೇಳುವಾಗ ಮ್ಯಾನೇಜರ್ ಪೃಥ್ವಿರಾಜಣ್ಣನಿಗೆ ಹೇಳಿಬಿಟ್ಟಿದ್ದಾಳೆ.

"ಹೊಳೆಮೀನು ಹಸಿ ತಿನ್ನುದಂತೆ ಮಾರಾಯ್ತಿ. ಲಿಂಬೆ ಹಿಂಡಿದ್ರೆ ಬೆಂದ ಹಾಗಂತೆ," ಎಂದು ಅವರು ನಕ್ಕರು. "ಅವಳು ಮುಟ್ಟಿದ ಚಾ ನಮಗ್ಯಾಕೆ? ಗುರುವಾರಕ್ಕೆ ಅವಳ ಕೆಲಸ ಖಲಾಸ್. ಬೇರೆಯವಳನ್ನು ಕಳಿಸ್ಲಿಕ್ಕೆ ಏಜೆನ್ಸಿಯವರಿಗೆ ಹೇಳಿದ್ದೇನೆ."

ಕಳೆದ ವಾರವಷ್ಟೇ ಹಸಿ ಸಾಲ್ಮನ್ ತಿಂದು ಫೋಟೊ ಹಾಕಿದ ಮನುಷ್ಯ.

ಕ್ಲಿನಿಕ್ಕಿಗೆ ಅವಳ ಜೊತೆ ಹೋದವಳು ನಾನು. ಈ ಹುಳ ಹಸಿ ಮೀನಿನಿಂದ ಬರುತ್ತದೆ, ಅವಳ ಕೈಯಿಂದಲ್ಲ ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು. ಅವಳ ಹಳ್ಳಿಯಲ್ಲಿ ಮದುವೆಗೂ ಸಾವಿಗೂ ಆ ಮೀನು ಬೇಕು; ಬೇಡವೆಂದರೆ ಅತ್ತೆ ಮಾತು ಬಿಡುತ್ತಾಳಂತೆ. ಗುಳಿಗೆ ನುಂಗುತ್ತಾಳೆ, ಊರಿಗೆ ಹೋದಾಗ ಮತ್ತೆ ತಿನ್ನುತ್ತಾಳೆ. ಅದಕ್ಕೆ ಅವಳ ಮೇಲೂ ನನಗೆ ಸಿಟ್ಟಿದೆ. ಆದರೆ ಲೋಟ ಬೇರೆ ಇಡುವವರ ಮೇಲಿರುವುದು ಸಿಟ್ಟಲ್ಲ, ಹೇಸಿಗೆ. ಆ ವಿದ್ಯೆಯನ್ನು ನಾವು ನಮ್ಮ ಊರಿನಿಂದಲೇ ಈ ಪರದೇಶಕ್ಕೆ ಕಟ್ಟಿಕೊಂಡು ಬಂದವರು.

ವಾದ ಮಾಡಲು ನನಗೆ ಬರುವುದಿಲ್ಲ. ನಾಳೆ ಮೀಟಿಂಗಿನಲ್ಲಿ ಪೃಥ್ವಿರಾಜಣ್ಣನ ಎದುರಿನ ಕುರ್ಚಿಯಲ್ಲೇ ಕೂರುತ್ತೇನೆ. ಬುನ್ಮಿಯ ಕೈಯಿಂದಲೇ, ಆ ಲೋಟದಲ್ಲೇ ಚಾ ತರಿಸಿ ಕುಡಿಯುತ್ತೇನೆ. ಯಾಕೆಂದು ಕೇಳಿದರೆ ಡಾಕ್ಟರ್ ಹೇಳಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಒಂದೇ ವಾಕ್ಯ. ಈಗಲೇ ಬಾಯಿಪಾಠ ಮಾಡುತ್ತಿದ್ದೇನೆ.